ಹಕಾತಾ ಕೌಂಟರಿನಲ್ಲಿ ಪಕ್ಕ ಕೂತಿದ್ದವರಿಗೆ

ಜಪಾನಿನ ಫುಕುವೊಕಾದ (ಹಕಾತಾ ಅದರದೇ ಒಂದು ಭಾಗ) ಆ ರಾಮೆನ್, ಅಂದರೆ ಸಾರಿನ ನೂಡಲ್ಸ್, ಅಂಗಡಿಯಲ್ಲಿ ಪಕ್ಕದ ಸ್ಟೂಲಿನಲ್ಲಿದ್ದ ಹಿರಿಯರೇ, ಹೆಸರು ಕೇಳುವುದು ಮರೆತುಹೋಯಿತು. ಥ್ಯಾಂಕ್ಸ್ ಇಲ್ಲೇ ಹೇಳುತ್ತಿದ್ದೇನೆ.

ಊಟದ ಟಿಕೆಟ್ ಕೊಡುವ ಮಷೀನಿಗೆ ಮೊದಲು ದುಡ್ಡು, ಆಮೇಲೆ ಬಟನ್ ಎಂದು ತೋರಿಸಿದವರು ನೀವು. ಹಳೇ ಮಷೀನುಗಳು 1,000 ಯೆನ್‌ಗಿಂತ ದೊಡ್ಡ ನೋಟನ್ನು ಹೆಚ್ಚಾಗಿ ನುಂಗುವುದಿಲ್ಲ. ಏನೂ ತೋಚದಿದ್ದರೆ ಎಡಗಡೆ ಮೇಲಿನ ಬಟನ್. ಸಾಮಾನ್ಯವಾಗಿ ಅಂಗಡಿಯ ಮುಖ್ಯ ರಾಮೆನ್ ಅದೇ.

ದೊಡ್ಡ ಉಪಕಾರ ಮಾತ್ರ ನೂಡಲ್ಸಿನದು. 'ಕಾತಾ' ಅನ್ನಿ ಅಂದಿರಿ, ಅಂದರೆ ಸ್ವಲ್ಪ ಗಟ್ಟಿ. ಹಕಾತಾ ನೂಡಲ್ಸಿನ ಎಳೆ ಸಣ್ಣ, ಹಿಟ್ಟಿಗೆ ಹಾಕುವ ನೀರೂ ಕಮ್ಮಿ. ಹಂದಿ ಮೂಳೆಯ ಬಿಸಿ ಸಾರನ್ನು ಬೇಗ ಹೀರಿ ಮೆತ್ತಗಾಗುತ್ತದೆ. ಅದಕ್ಕೇ ಮೊದಲು ಸ್ವಲ್ಪವೇ ಕೊಟ್ಟು, ಬೇಕಾದವರಿಗೆ 'ಕಾಏದಾಮಾ' ಎಂದು ಇನ್ನೊಂದು ಹಿಡಿ ಬೇಯಿಸಿ ಹಾಕುವುದು. ಸಾರು ಕುಡಿದು ಮುಗಿಸಲು ಹೊರಟ ಚಮಚವನ್ನು ಕೈಯಾಡಿಸಿ ತಡೆದಿರಿ: ಬಟ್ಟಲಲ್ಲಿ ನಾಲ್ಕು ಎಳೆ ಇರುವಾಗಲೇ ಕೂಗಬೇಕು, ಸಾರು ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ಸಪ್ಪೆಯಾದರೆ ಮೇಜಿನ ಮೇಲಿನ 'ತಾರೆ', ಅಂದರೆ ಉಪ್ಪುಪ್ಪಾದ ಸಾಸ್, ಒಂದು ಸುತ್ತು ಹಾಕಿದರೆ ಸಾಕು.

ಸಾಸಿವೆ ಸೊಪ್ಪಿನ ಖಾರದ ಉಪ್ಪಿನಕಾಯಿ, 'ತಾಕಾನಾ', ಮೊದಲೇ ಸುರಿದರೆ ಸಾರಿನ ರುಚಿಯೇ ಮುಚ್ಚಿಹೋಗುತ್ತದೆ. (ಉಪ್ಪಿನಕಾಯಿ ಕಂಡರೆ ಕೈ ತಡೆಯದ ನಮ್ಮವರಿಗೆ ಇದು ಕಷ್ಟವೇ.) ಮೊದಲು ಎರಡು ಗುಟುಕು ಬರೀ ಸಾರು, ಸೊಪ್ಪು ಎರಡನೇ ಸುತ್ತಿಗೆ.

ಏಳುವಾಗ ಬಟ್ಟಲನ್ನು ಕೌಂಟರಿನ ಮೇಲ್ಕಟ್ಟೆಗೆ ಎತ್ತಿಟ್ಟು, ಮೇಜು ಒರೆಸಿ, 'ಗೊಚಿಸೋಸಾಮಾ' (ಊಟಕ್ಕೆ ಥ್ಯಾಂಕ್ಸ್) ಅಂದು ಹೋದಿರಿ. ಅದನ್ನೂ ಹಾಗೇ ಮಾಡಿದ್ದಾಯಿತು.