ರೆಸ್ಟ್ ತಗೊಳ್ಳಿ ಅನ್ನೋರೇ ಎಲ್ಲ, ಏಳಿ ಅನ್ನೋರು ಯಾರು?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಆರೋಗ್ಯದ ಪುಟವನ್ನು ನಾನು ತಪ್ಪದೆ ಓದುತ್ತೇನೆ. ವಯಸ್ಸಾದವರ ಬಗ್ಗೆ ಅದರಲ್ಲಿ ಹೆಚ್ಚಾಗಿ ಎರಡೇ ಬಗೆಯ ಬರಹ ಕಾಣುತ್ತದೆ. ಒಂದು, ಎಂಬತ್ತು ದಾಟಿದವರೊಬ್ಬರು ಓಟದಲ್ಲಿ ಪದಕ ಗೆದ್ದು ನಗುತ್ತಿರುವ ಫೋಟೊ. ಇನ್ನೊಂದು, ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಸೊಂಟದ ಮೂಳೆ ಮುರಿತ ಅಂತ ಹೆದರಿಸುವ ಲೇಖನ. ನಮ್ಮಂಥವರು ಇರುವುದು ಇವೆರಡರ ನಡುವೆ. ಮೂಗು ಸೋರುತ್ತಿದೆ. ಎಡ ಭುಜ ಹಿಡಿದುಕೊಂಡಿದೆ. ಬೆಳಗ್ಗೆ ಎದ್ದರೆ ಮಂಡಿ ಮಡಚಲು ಬಿಡುತ್ತಿಲ್ಲ. ಇವತ್ತು ವಾಕಿಂಗ್ ಹೋಗಬೇಕೋ, ಬೇಡವೋ? ಇಷ್ಟೇ ನಮ್ಮ ಪ್ರಶ್ನೆ. ಇದಕ್ಕೆ ನಿಮ್ಮ ಪುಟದಲ್ಲಿ ಉತ್ತರ ಓದಿದ ನೆನಪಿಲ್ಲ. ಅದಕ್ಕೇ ಈ ಕಾಗದ. ಸ್ವಲ್ಪ ಉದ್ದವಾಗಿದೆ, ಕ್ಷಮಿಸಿ.

ನನಗೀಗ 67. 31 ವರ್ಷ ಬಸ್ ಕಂಡಕ್ಟರ್ ಆಗಿದ್ದೆ. ದಿನಕ್ಕೆ ಎಷ್ಟು ಸಲ ಬಸ್ಸಿನ ಹಿಂದಿನ ಬಾಗಿಲಿಂದ ಡ್ರೈವರ್ ಸೀಟಿನವರೆಗೆ ಹೋಗಿ ಬಂದೆ ಅಂತ ಲೆಕ್ಕ ಇಟ್ಟವನಲ್ಲ. ಟಿಕೆಟ್ಟಿನ ಲೆಕ್ಕ ಇಡುವುದರಲ್ಲೇ ಸುಸ್ತು. ಹಣದ ಚೀಲ ಎಡ ಭುಜಕ್ಕೆ, ಬಲಗೈ ಮೇಲಿನ ಕಂಬಿಗೆ. ಎಡ ಭುಜದ ನೋವು ಆ ಚೀಲದ ಕೊಡುಗೆ ಅಂತ ನಾನು ಹೇಳುತ್ತೇನೆ. ವಯಸ್ಸಿನದು ಅಂತ ಡಾಕ್ಟರು ಹೇಳುತ್ತಾರೆ. ಇಬ್ಬರೂ ಇನ್ನೂ ರಾಜಿಯಾಗಿಲ್ಲ.

ನಮ್ಮ ಕೆಲಸದ ಬಗ್ಗೆ ಒಂದು ಹಳೆಯ ಸಂಗತಿ ಇದೆ, ಹೇಳದೆ ಇರಲಾರೆ. ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಎರಡು ಅಂತಸ್ತಿನ ಬಸ್ಸುಗಳ ನೌಕರರ ಆರೋಗ್ಯವನ್ನು ಹೋಲಿಸಿ ನೋಡಿದರು. ದಿನವಿಡೀ ಕೂತಿರುವ ಡ್ರೈವರುಗಳಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. 1953ರಲ್ಲಿ ಇದು ಅಚ್ಚಾಯಿತು. ಆಮೇಲೆ ಅವರು ಸಮವಸ್ತ್ರದ ಅಳತೆಯನ್ನೂ ತೆಗೆದು ನೋಡಿದರು. ಡ್ರೈವರುಗಳ ಪ್ಯಾಂಟಿನ ಸೊಂಟವೇ ಜಾಸ್ತಿ! ಅಂದರೆ ಕೂತಿದ್ದಕ್ಕೇ ಎಲ್ಲ ಆಯಿತು ಅನ್ನುವ ಹಾಗಿಲ್ಲ, ಕೆಲಸಕ್ಕೆ ಸೇರುವಾಗಲೇ ದಪ್ಪ ಇದ್ದವರೂ ಇದ್ದರು. ನನ್ನ ಜೊತೆ ಹನ್ನೊಂದು ವರ್ಷ ಗಾಡಿ ಓಡಿಸಿದ ಗೆಳೆಯನಿಗೆ ಮೊದಲ ಭಾಗ ಮಾತ್ರ ಹೇಳಿದ್ದೇನೆ. ಈಗಲೂ ಅವನು ನನ್ನ ಮೇಲೆ ಮುನಿಸಿಕೊಂಡಿದ್ದಾನೆ.

ಇಷ್ಟು ನಡೆದಾಡಿದವನು ನಾನು, ನನಗೇನಾದೀತು ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಒಂದು ನೆಗಡಿ ಬಂತು. ಮೂರು ದಿನ ಜ್ವರ, ಮೈಕೈ ನೋವು. ಮಲಗಿದೆ. ಅದು ಸರಿಯೇ, ಜ್ವರ ಇದ್ದಾಗ ಮಲಗಲೇಬೇಕು. ನಾಲ್ಕನೇ ದಿನ ಜ್ವರ ಬಿಟ್ಟಿತು, ಕೆಮ್ಮು ಉಳಿಯಿತು. "ಕೆಮ್ಮು ಪೂರ್ತಿ ಹೋಗಲಿ, ಆಮೇಲೆ ಹೊರಗೆ ಹೋಗುವಿರಂತೆ" ಅಂದಳು ಹೆಂಡತಿ. "ಅಪ್ಪ, ಸುಮ್ನೆ ರೆಸ್ಟ್ ತಗೊಳ್ಳಿ" ಅಂತ ಮಗನ ಫೋನು. ನೋಡಲು ಬಂದವರೆಲ್ಲ ಅದನ್ನೇ ಹೇಳಿದರು. ನೀರಿನ ಲೋಟ ಕೂತಲ್ಲಿಗೇ ಬಂತು. ಪೇಪರ್ ಕೂತಲ್ಲಿಗೇ ಬಂತು. ನಿಜ ಹೇಳುತ್ತೇನೆ, ನನಗೂ ಹಿತವಾಗಿತ್ತು. 31 ವರ್ಷ ನಿಂತೇ ದುಡಿದವನಿಗೆ ಹೀಗೆ ಕೂರುವ ಅವಕಾಶ ಸಿಕ್ಕರೆ ಬೇಡ ಅನ್ನುತ್ತಾನಾ?

ಕೆಮ್ಮು ಪೂರ್ತಿ ಹೋಗಲು ಮೂರು ವಾರ ಬೇಕಾಯಿತು. ಇಪ್ಪತ್ತೆರಡನೇ ದಿನ ಚಪ್ಪಲಿ ಹಾಕೋಣ ಅಂತ ಹೊರಟರೆ ಸೋಫಾದಿಂದ ಏಳಲು ಎರಡೂ ಕೈ ಊರಬೇಕಾಯಿತು. ನಮ್ಮ ಮನೆಗೆ ಹದಿನಾಲ್ಕು ಮೆಟ್ಟಿಲು. ಹೇಗೋ ಇಳಿದೆ. ವಾಪಸ್ ಹತ್ತುವಾಗ ಏಳನೆಯದರಲ್ಲಿ ಕಂಬಿ ಹಿಡಿದು ನಿಂತುಬಿಟ್ಟೆ. ತೊಡೆ ನಡುಗುತ್ತಿತ್ತು. ಓಡುವ ಬಸ್ಸಿನಲ್ಲಿ ಏನೂ ಹಿಡಿಯದೆ ಚಿಲ್ಲರೆ ಎಣಿಸುತ್ತಿದ್ದ ಕಾಲು ಇವೇನಾ ಅನ್ನಿಸಿತು. ನೆಗಡಿ ನನ್ನನ್ನು ಮಲಗಿಸಿದ್ದು ಮೂರೇ ದಿನ. ಮಿಕ್ಕಿದ್ದೆಲ್ಲ ಸೋಫಾದ ಕೆಲಸ.

ಆಗ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನ ಹುಡುಗಿ. ಎದೆಯ ಮೇಲೆ ಕೈ ಕಟ್ಟಿಕೊಂಡು, ಕುರ್ಚಿಯಿಂದ ಎದ್ದು ಕೂರಿ, ಎದ್ದು ಕೂರಿ, ಮೂವತ್ತು ಸೆಕೆಂಡು ಅಂದಳು. ಏಳು ಸಲ ಎದ್ದೆ. 65ರಿಂದ 69ರ ಗಂಡಸರು 12ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಜಾಸ್ತಿ, ಹೆಂಗಸರಿಗಾದರೆ 11, ಅಂತ ಹೇಳಿದಳು. ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಅವಳು ಹೇಳಿದ ಮೇಲೆ ನಾನೂ ಹುಡುಕಿ ಓದಿದೆ. ನಿವೃತ್ತನಿಗೆ ಇನ್ನೇನು ಕೆಲಸ. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗಿದ್ದ ಕೆಲವು ಹಿರಿಯರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಅವರ ಸರಾಸರಿ ವಯಸ್ಸು 67, ನನ್ನದೇ. ಹತ್ತು ದಿನಕ್ಕೆ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸ ಕರಗಿತ್ತು. ಕೊಬ್ಬಲ್ಲ, ಮಾಂಸ. ಅವರಿಗೆ ಕಾಯಿಲೆಯೇ ಇರಲಿಲ್ಲ ಅನ್ನುವುದನ್ನು ಗಮನಿಸಿ. ಅಮೆರಿಕದ ಡಲ್ಲಾಸ್‌ನ ಪ್ರಯೋಗ ಇನ್ನೂ ಹಳೆಯದು, 1966ರದು. ಇಪ್ಪತ್ತು ವರ್ಷದ ಐದು ಹುಡುಗರು ಮೂರು ವಾರ ಹಾಸಿಗೆ ಬಿಟ್ಟು ಏಳಲಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಅದೇ ಐವರನ್ನು ಕರೆಸಿ ಮತ್ತೆ ಪರೀಕ್ಷೆ ಮಾಡಿದರು. ಮೂವತ್ತು ವರ್ಷದ ವಯಸ್ಸು ಅವರ ದಮ್ಮನ್ನು ಕುಗ್ಗಿಸಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕುಗ್ಗಿಸಿದ್ದೇ ಜಾಸ್ತಿ! ಇದನ್ನು ಓದಿದ ದಿನ ಸೋಫಾವನ್ನು ಬೇರೆ ಕಣ್ಣಿನಿಂದ ನೋಡಿದೆ.

ಕೆಮ್ಮಿನ ವಿಷಯದಲ್ಲೂ ನಾವೆಲ್ಲ ಮೋಸ ಹೋಗಿದ್ದೇವೆ. ಒಂದು ವಾರದಲ್ಲಿ ಹೋಗಬೇಕು ಅಂದುಕೊಳ್ಳುತ್ತೇವೆ. ಮಾಮೂಲಿ ನೆಗಡಿಯ ಕೆಮ್ಮು ಸರಾಸರಿ 18 ದಿನ ಇರುತ್ತದಂತೆ. ಅದು ಪೂರ್ತಿ ನಿಲ್ಲುವವರೆಗೆ ಏಳಬಾರದು ಅಂತ ಕೂತರೆ ಮೂರು ವಾರ ಆಗುವುದು ಸಹಜವೇ. ವರ್ಷಕ್ಕೆ ಎರಡು ಸಲ ನೆಗಡಿಯಾಯಿತು ಅನ್ನಿ. ಒಂದೂವರೆ ತಿಂಗಳು ಸೋಫಾಕ್ಕೇ ಹೋಯಿತು.

ಆ ಹುಡುಗಿ ಹೇಳಿಕೊಟ್ಟ ಲೆಕ್ಕ ಸುಲಭ. ಕತ್ತಿನ ಮೇಲೆ ಮಾತ್ರ ತೊಂದರೆ ಇದ್ದರೆ, ಅಂದರೆ ಸೀನು, ಮೂಗು ಕಟ್ಟುವುದು, ಗಂಟಲು ಕೆರೆತ ಅಷ್ಟೇ ಇದ್ದರೆ, ಮೆಲ್ಲಗೆ ನಡೆಯಬಹುದು. ಮಾಮೂಲಿಗಿಂತ ಅರ್ಧ ಹೊತ್ತು, ಅರ್ಧ ವೇಗ. ಜನರಿಂದ ಸ್ವಲ್ಪ ದೂರ, ನಮ್ಮ ನೆಗಡಿಯನ್ನು ಅವರಿಗೆ ಯಾಕೆ ಹಂಚಬೇಕು? ಕತ್ತಿನ ಕೆಳಗೆ ಇಳಿದರೆ, ಜ್ವರ, ಮೈಕೈ ನೋವು, ಎದೆಯಲ್ಲಿ ಕಫ, ವಾಂತಿ, ಭೇದಿ, ಹೀಗೆ ಯಾವುದೇ ಇದ್ದರೂ ಆ ದಿನ ವ್ಯಾಯಾಮ ಇಲ್ಲ. ವೈರಸ್ ಜ್ವರದಲ್ಲಿ ಮೈ ದಂಡಿಸಿದರೆ ಅಪರೂಪಕ್ಕೆ ಹೃದಯದ ಸ್ನಾಯುವಿಗೇ ಪೆಟ್ಟು ಬೀಳಬಹುದು. ಇದರಲ್ಲಿ ಧೈರ್ಯ ತೋರಿಸುವುದು ಬೇಡ. ಎದೆ ನೋವು, ಉಸಿರು ಸಾಲದಿರುವುದು, ತಲೆ ತಿರುಗಿ ಬೀಳುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇವುಗಳಲ್ಲಿ ಯಾವುದೇ ಒಂದಿದ್ದರೂ ನನ್ನ ಕಾಗದ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಓಡಿ.

ಜ್ವರ ಬಿಟ್ಟ ಮೇಲೆ ಒಂದು ದಿನ ನೋಡಿಕೊಂಡು ಏಳುತ್ತೇನೆ ಈಗ. ಮೊದಲ ದಿನ ಹತ್ತೇ ನಿಮಿಷ. ಎಷ್ಟು ದಿನ ಮಲಗಿದ್ದೆನೋ ಅಷ್ಟೇ ದಿನ ತೆಗೆದುಕೊಂಡು ಹಳೆಯ ಅಳತೆಗೆ ಬರುತ್ತೇನೆ. ಈ ನಿಯಮ ನನ್ನದೇ, ಯಾವ ಪುಸ್ತಕದ್ದೂ ಅಲ್ಲ. ನಡೆಯುವಾಗ ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ ಸಾಕು. ಕೈಗಡಿಯಾರ ತೋರಿಸುವ ನಾಡಿಯನ್ನು ನಾನು ನಂಬುವುದಿಲ್ಲ. ಕೆಲವು ಬಿಪಿ ಮಾತ್ರೆಗಳು ನಾಡಿಯನ್ನೇ ನಿಧಾನ ಮಾಡಿಬಿಡುತ್ತವೆ.

ಇನ್ನು ನೋವಿನ ಮಾತು. ಇಲ್ಲಿ ನಾನು ಉಲ್ಟಾ ತಪ್ಪನ್ನೂ ಮಾಡಿದ್ದೇನೆ. ಸ್ವಲ್ಪ ಸುಧಾರಿಸಿಕೊಂಡಿದ್ದೆ. ನಿಮ್ಮಲ್ಲೇ ಬಂದ ಅಂಥದ್ದೊಂದು ಓಟಗಾರರ ಫೋಟೊ ನೋಡಿ ಹುಮ್ಮಸ್ಸು ಬಂತು. ಮಾರನೇ ದಿನ ನಾನೂ ಓಡಿದೆ. ಬಲ ಹಿಮ್ಮಡಿಯ ಮೇಲಿನ ನರ ಹಿಡಿದುಕೊಂಡಿತು. ಅದು ನರವಲ್ಲ, ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ ಅಂತ ಆಮೇಲೆ ಗೊತ್ತಾಯಿತು. ವಯಸ್ಸಾದಂತೆ ಅದು ವಾಸಿಯಾಗುವುದು ಬಹಳ ನಿಧಾನ. ಒಂದು ನೋವಿನ ಮಾತ್ರೆ ನುಂಗಿ ಮತ್ತೆ ಓಡಿದೆ. ನೋವು ಗೊತ್ತಾಗಲಿಲ್ಲ, ಪೆಟ್ಟು ಮಾತ್ರ ಬೀಳುತ್ತಲೇ ಇತ್ತು. ಮೂರು ತಿಂಗಳು ಕುಂಟಿದೆ. ಡಾಕ್ಟರು ಸಿಟ್ಟಾಗಿದ್ದು ಓಡಿದ್ದಕ್ಕಲ್ಲ, ಮಾತ್ರೆಗೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ನೋವಿನ ಮಾತ್ರೆ ನುಂಗುತ್ತಾ ಹೋದರೆ ಕಿಡ್ನಿಗೂ ಹೊಟ್ಟೆಗೂ ತೊಂದರೆ, ಬಿಪಿಯೂ ಏರಬಹುದು ಅಂದರು.

ಹಾಗಂತ ನೋವಿದ್ದರೆ ಏನೂ ಮಾಡಬಾರದಾ? ಆ ಹುಡುಗಿ ಬೇರೆ ಥರ ಹೇಳಿದಳು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ನಂಬರ್ ಕೊಡಿ ಅಂದಳು. ಮೂರರೊಳಗೆ ಇದ್ದರೆ ಮಾಡಿ. ಐದಕ್ಕೆ ಹೋದರೆ ನಿಲ್ಲಿಸಿ. ಆಮೇಲೆ ನಾಳೆ ಬೆಳಗ್ಗೆ ಕೇಳಿ. ಮಂಡಿ ನಿನ್ನೆ ಬೆಳಗ್ಗೆ ಇದ್ದಷ್ಟೇ ನೋಯುತ್ತಿದ್ದರೆ ನೀವು ಮಾಡಿದ್ದು ಸರಿ. ಜಾಸ್ತಿ ನೋಯುತ್ತಿದ್ದರೆ ಅಥವಾ ಊದಿದ್ದರೆ ಮಾಡಿದ್ದು ಜಾಸ್ತಿಯಾಯಿತು, ಕಡಿಮೆ ಮಾಡಿ, ಆದರೆ ಬಿಡಬೇಡಿ. ನನಗೆ ಇದು ಬಹಳ ಹಿಡಿಸಿತು. ಬೆಳಗ್ಗೆ ಹಾಸಿಗೆಯಲ್ಲೇ ಕಾಲು ಚಾಚಿ ಮಂಡಿಯನ್ನು ವಿಚಾರಿಸುತ್ತೇನೆ. ನಿನ್ನೆಯ ವಾಕಿಂಗಿಗೆ ಅದು ಕೊಡುವ ರಸೀದಿ ಬಂದ ಮೇಲೇ ಇವತ್ತಿನ ವಾಕಿಂಗ್.

ಒಂದು ಜಾಗ ನೋಯುತ್ತಿದ್ದರೆ ಮಿಕ್ಕ ಮೈಗೆ ರಜೆ ಕೊಡಬೇಕಿಲ್ಲ ಅನ್ನುವುದೂ ನನಗೆ ಹೊಳೆದಿರಲಿಲ್ಲ. ಹಿಮ್ಮಡಿ ಕೆಟ್ಟ ಆ ಮೂರು ತಿಂಗಳು ಕೂತಲ್ಲೇ ಕೈಗೆ ವ್ಯಾಯಾಮ ಮಾಡಿದೆ. ಭುಜ ಹಿಡಿದ ದಿನ ಮೆಟ್ಟಿಲು ಹತ್ತುತ್ತೇನೆ. ಮಂಡಿ ಕೆಟ್ಟ ದಿನ ಗೋಡೆಗೆ ಎರಡೂ ಕೈ ಕೊಟ್ಟು ದಂಡ ಹೊಡೆಯುತ್ತೇನೆ. ಹೆಂಡತಿ ನಗುತ್ತಾಳೆ, ನಗಲಿ.

ವಾಕಿಂಗ್ ಒಂದೇ ಸಾಲದು ಅನ್ನುವುದನ್ನು ನಿಮ್ಮ ಪುಟ ಇನ್ನೂ ಜೋರಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ದಾಟಿದವರಿಗೆ ಹೇಳಿದ್ದು ಇದು: ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥದ್ದು, ಎರಡು ದಿನವಾದರೂ ಸ್ನಾಯುವಿಗೆ ಬಲ ಬರುವಂಥದ್ದು, ಮೂರು ದಿನವಾದರೂ ಬೀಳದಂತೆ ಮೈಯ ಸಮತೋಲ ಕಾಯ್ದುಕೊಳ್ಳುವ ಅಭ್ಯಾಸ. ಮೊದಲನೆಯದು ಎಲ್ಲರಿಗೂ ಗೊತ್ತು. ಎರಡು ಮತ್ತು ಮೂರು ಯಾರಿಗೂ ಗೊತ್ತಿಲ್ಲ, ನಮ್ಮ ವಾಕಿಂಗ್ ಗುಂಪಿನಲ್ಲಿ ಒಬ್ಬೊಬ್ಬರನ್ನೇ ಕೇಳಿ ನೋಡಿದ್ದೇನೆ. ನಾನು ಹಲ್ಲುಜ್ಜುವಾಗ ಒಂದು ಕಾಲಲ್ಲಿ ನಿಲ್ಲುತ್ತೇನೆ, ಒಂದು ಕೈ ಗೋಡೆಯ ಹತ್ತಿರ. ಕುರ್ಚಿಯಿಂದ ಏಳುವ ಲೆಕ್ಕ ಈಗ ಮೂವತ್ತು ಸೆಕೆಂಡಿಗೆ ಹದಿನಾಲ್ಕು.

ಈ ವಯಸ್ಸಿನಲ್ಲಿ ಕಳೆದದ್ದು ಬರುತ್ತದಾ ಅಂತ ನನ್ನ ಡ್ರೈವರ್ ಗೆಳೆಯ ಕೇಳಿದ. ಅವನಿಗೆ ಅಮೆರಿಕದ ಬಾಸ್ಟನ್‌ನ ಅಜ್ಜ ಅಜ್ಜಿಯರ ಕಥೆ ಹೇಳಿದೆ. 1990ರಲ್ಲಿ ಬಂದ ವರದಿ. ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, ತೊಂಬತ್ತರ ಆಸುಪಾಸಿನ ಕೆಲವರಿಗೆ ಎಂಟು ವಾರ ತಜ್ಞರೇ ನಿಂತು ಕಾಲಿನಿಂದ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಜಾಸ್ತಿಯಾಯಿತು. ಇಬ್ಬರು ಊರುಗೋಲು ಬಿಟ್ಟರು. ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರೇನು ಡ್ರೈವರುಗಳಾ?" ಅಂದ.

ಹಾಗಾಗಿ ಸಂಪಾದಕರೇ, ನನ್ನದೊಂದು ಕೋರಿಕೆ. ಪದಕದ ಫೋಟೊ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಅದೇ ಪುಟದ ಮೂಲೆಯಲ್ಲಿ ನೆಗಡಿಯಾದಾಗ ಯಾವ ದಿನ ಏಳಬೇಕು, ಭುಜ ಹಿಡಿದಾಗ ಯಾವ ಕೈ ಎಷ್ಟು ಎತ್ತಬೇಕು, ಎಷ್ಟು ನೋವಿಗೆ ನಿಲ್ಲಬೇಕು ಅನ್ನುವುದನ್ನು ಬಲ್ಲವರಿಂದ ವಾರಕ್ಕೊಂದು ಸಲ ಬರೆಸಿ. ಡಾಕ್ಟರುಗಳಿಗೂ ಒಂದು ಮಾತು ಹೇಳಬೇಕಿದೆ. ಚೀಟಿಯಲ್ಲಿ ಮಾತ್ರೆಗೆ ಐದು ದಿನ ಅಂತ ಬರೆಯುತ್ತೀರಿ. ರೆಸ್ಟಿಗೂ ಇಷ್ಟು ದಿನ ಅಂತ ಬರೆಯಿರಿ. ಮನೆಯವರಿಗೆ ತೋರಿಸಲು ನಮಗೊಂದು ದಾಖಲೆ ಇದ್ದ ಹಾಗೆ ಆಗುತ್ತದೆ.

ಈಗ ನಮ್ಮ ಮನೆಯಲ್ಲಿ ಹೆಂಡತಿಗೆ ನೆಗಡಿ. ನಿನ್ನೆ ಬೆಳಗ್ಗೆ ಜ್ವರ ಬಿಟ್ಟಿದೆ, ಕೆಮ್ಮು ಇದೆ. ಹತ್ತು ನಿಮಿಷ ಓಡಾಡೋಣ ಬಾ ಅಂದೆ. "ನಿಮ್ಮ ಕಂಡಕ್ಟರಿಕೆ ಮನೆಯಲ್ಲಿ ಬೇಡ ಕಣ್ರೀ" ಅಂದಳು. ಅಂದವಳು ಈಗ ಬಾಗಿಲ ಹತ್ತಿರ ಚಪ್ಪಲಿ ಹುಡುಕುತ್ತಿರುವ ಸದ್ದು ಕೇಳುತ್ತಿದೆ. ಮೆಟ್ಟಿಲು ಇಳಿಯುವಾಗ ಜೊತೆಗಿರಬೇಕು, ಕಾಗದ ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ,
ನಿಮ್ಮ ಓದುಗ, ನಿವೃತ್ತ ಬಸ್ ಕಂಡಕ್ಟರ್