ಫಲಿತಾಂಶಕ್ಕೂ ಪರೀಕ್ಷೆ-2ಕ್ಕೂ ನಡುವಿನ 23 ದಿನ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಕಲಬುರಗಿ ಜಿಲ್ಲೆಯ ಒಂದು ಸರಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ ನಾನು. ನನ್ನ ಮಗನೂ ಅಲ್ಲೇ ಓದುತ್ತಾನೆ. ಎಸ್ಸೆಸ್ಸೆಲ್ಸಿ ಪಾಸಾಗಲು ಇನ್ನು 625ಕ್ಕೆ 206 ಅಂಕ (ಶೇ 33) ಸಾಕು, ಪ್ರತಿ ವಿಷಯದಲ್ಲಿ ಶೇ 30 ಬಂದಿರಬೇಕು ಎಂದು ಸರಕಾರ ಹೇಳಿದೆ. ಶೇ 35 ಸರಿಯೋ ಶೇ 33 ಸರಿಯೋ ಎಂಬ ಜಗಳ ಟಿವಿಯಲ್ಲಿ ಬೇಕಾದಷ್ಟು ಆಗಿದೆ. ನನ್ನ ತಕರಾರು ಅದರ ಬಗ್ಗೆ ಅಲ್ಲ.

2025ರ ಮೇ 2ರಂದು ಪರೀಕ್ಷೆ-1ರ ಫಲಿತಾಂಶ ಬಂತು. ರಾಜ್ಯಕ್ಕೆ ಶೇ 62.34. ದಕ್ಷಿಣ ಕನ್ನಡಕ್ಕೆ 91.12. ಕಟ್ಟಕಡೆಗೆ ನಮ್ಮ ಜಿಲ್ಲೆ, 42.43. ಅಂದರೆ ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ, ಫೇಲಾದವರು ಮತ್ತೆ ಬರೆಯುವ ಪರೀಕ್ಷೆ-2 ಬೇಕಾಗಿತ್ತು. ಅದು ಶುರುವಾದದ್ದು ಮೇ 26ಕ್ಕೆ. ನಡುವೆ 23 ದಿನ.

ವರ್ಷಕ್ಕೆ ಮೂರು ಪರೀಕ್ಷೆ ಒಳ್ಳೆಯ ಯೋಚನೆಯೇ. ಆದರೆ ಆ 23 ದಿನ ನಮ್ಮೂರಿಗೆ ಬಂದು ನೋಡಿ. ಬೇಸಿಗೆ ರಜೆ, ಶಾಲೆಯ ಗೇಟಿಗೆ ಬೀಗ. ಗಣಿತ ಹೇಳಿಕೊಡುತ್ತಿದ್ದ ಅತಿಥಿ ಶಿಕ್ಷಕರ ಅವಧಿ ಮುಗಿದು ಅವರೂ ಬೇರೆ ಕೆಲಸ ಹುಡುಕುತ್ತಿರುತ್ತಾರೆ. ತೊಗರಿ ರಾಶಿ ಮುಗಿದು ತಿಂಗಳುಗಳಾಗಿ ಊರಲ್ಲಿ ಕೂಲಿ ಇರುವುದಿಲ್ಲ. ಬೆಂಗಳೂರಿಗೋ ಪುಣೆಗೋ ದುಡಿಯಲು ಹೋದ ಅಪ್ಪ-ಅವ್ವ, ಕೊನೆಯ ಪೇಪರ್ ಮುಗಿಯುವುದನ್ನೇ ಕಾದು ಮಕ್ಕಳನ್ನೂ ಕರೆಸಿಕೊಳ್ಳುತ್ತಾರೆ. ಫಲಿತಾಂಶ ಬರುವಾಗ ಹುಡುಗ ಯಾವುದೋ ಕಟ್ಟಡದ ಮೂರನೇ ಮಹಡಿಗೆ ಇಟ್ಟಂಗಿ ಹೊರುತ್ತಿರುತ್ತಾನೆ.

ನಮ್ಮ ಓಣಿಯ ಹುಡುಗನೊಬ್ಬನಿಗೆ ಗಣಿತ ಒಂದೇ ಉಳಿದಿತ್ತು. ನಾನೇ ಅವನಪ್ಪನಿಗೆ ಫೋನ್ ಹಚ್ಚಿದೆ. ‘ಹೋಗಿ ಬರ್ಲಾಕ ಖರ್ಚದ, ಮ್ಯಾಲ ಕೂಲಿನೂ ಹೋಗ್ತದ. ಮುಂದಿನ ಸಲ ನೋಡಮು ಬಿಡ್ರಿ ಅಣ್ಣಾ’ ಅಂದ. ಜೂನ್ 23ರ ಪರೀಕ್ಷೆ-3ಕ್ಕೂ ಹುಡುಗ ಬರಲಿಲ್ಲ. ಅವನಪ್ಪನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಹುಡುಗ ಊರಿಗೆ ಬಂದರೂ ಅವನಿಗೆ ಕಲಿಸಲು ಇಲ್ಲಿ ಯಾರಿದ್ದರು?

ಹೆಣ್ಣುಮಕ್ಕಳ ಕತೆ ಇನ್ನೊಂದು ಥರ. ಶಕ್ತಿ ಯೋಜನೆ ಇರುವುದರಿಂದ ಪರೀಕ್ಷಾ ಕೇಂದ್ರಕ್ಕೆ ಹೋಗಲು ಅವರಿಗೆ ಬಸ್ಸಿನ ಖರ್ಚಿಲ್ಲ. ಆದರೆ ಫೇಲಾದಳು ಎಂದು ಗೊತ್ತಾದ ವಾರದಲ್ಲೇ ಮನೆಯಲ್ಲಿ ವರ ನೋಡುವ ಮಾತು ಏಳುತ್ತದೆ. ಶಾಲೆ ತೆರೆದಿದ್ದರೆ ‘ನಾಳೆ ಕ್ಲಾಸ್ ಅದ’ ಎನ್ನಲು ಅವಳಿಗೊಂದು ನೆವವಾದರೂ ಸಿಗುತ್ತಿತ್ತು.

2024ರಲ್ಲಿ ಬೇಸಿಗೆಯಲ್ಲೇ ವಿಶೇಷ ತರಗತಿ ಮಾಡಿ ಎಂದಾಗ ಶಿಕ್ಷಕರು ವಿರೋಧಿಸಿದರು. ಇಡೀ ವರ್ಷ ದುಡಿದವರ ರಜೆ ಕಸಿದರೆ ಯಾರಾದರೂ ಹಾಗೇ ಅನ್ನುತ್ತಾರೆ. ಅದರ ಬದಲು ಗಣಿತ, ವಿಜ್ಞಾನ, ಇಂಗ್ಲಿಷಿನ ಅತಿಥಿ ಶಿಕ್ಷಕರನ್ನು ಪರೀಕ್ಷೆ-2 ಮುಗಿಯುವವರೆಗೆ ಗೌರವಧನ ಕೊಟ್ಟು ಉಳಿಸಿಕೊಳ್ಳಿ. ಎಲ್ಲ ಶಾಲೆಗೂ ಬೇಡ, ಅರ್ಧದಷ್ಟು ಮಕ್ಕಳೂ ಪಾಸಾಗದ ಕಡೆ ಸಾಕು. ಆ ದಿನಗಳಲ್ಲಿ ಮಧ್ಯಾಹ್ನದ ಊಟವೂ ಇರಲಿ. ಊಟವಿದ್ದರೆ ಮಕ್ಕಳು ಬರುತ್ತಾರೆ, ಇದನ್ನು ನಾನು ಎಸ್‌ಡಿಎಂಸಿಯಲ್ಲಿ ಕೂತು ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ದುಡಿಯುತ್ತಿರುವ ಮಗು ಅಲ್ಲೇ ಹತ್ತಿರದ ಕೇಂದ್ರದಲ್ಲಿ ಬರೆಯಲಿ. ಅದಕ್ಕೆ ಅವನಪ್ಪ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅಲೆಯುವಂತಾಗಬಾರದು, ಮುಖ್ಯ ಶಿಕ್ಷಕರು ಇಲ್ಲಿಂದಲೇ ಮಾಡಿಕೊಡುವಂತಿರಲಿ. ಫೇಲಾದ ಪ್ರತಿ ಮಗುವಿನ ಮನೆಗೆ ಫೋನ್ ಹಚ್ಚುವ ಕೆಲಸ ನಮಗೆ ಬಿಡಿ. ಎಸ್‌ಡಿಎಂಸಿಯಲ್ಲಿ ನಾವು ಪಾಲಕರೇ ಇದ್ದೇವೆ, ಯಾರ ನಂಬರ್ ಯಾರ ಹತ್ತಿರ ಇದೆ ಎಂಬುದು ನಮಗೆ ಗೊತ್ತು.

ಆದೇಶ ಮಾತ್ರ ಪರೀಕ್ಷೆ-1 ಮುಗಿಯುವ ಮೊದಲೇ ಬರಲಿ. ಮೇ ತಿಂಗಳಲ್ಲಿ ಬಂದರೆ ಮಕ್ಕಳು ರೈಲು ಹತ್ತಿರುತ್ತಾರೆ.

ಇತಿ,
ಒಬ್ಬ ಪಾಲಕ, ಎಸ್‌ಡಿಎಂಸಿ ಸದಸ್ಯ
ಕಲಬುರಗಿ ಜಿಲ್ಲೆ