ಪ್ರೀತಿ ಮುರಿದು ನೊಂದವರನ್ನು ಅವಸರಪಡಿಸಬೇಡಿ

ಮಾನ್ಯ ಸಂಪಾದಕರೇ,

ಪ್ರೇಮ ಮುರಿದು ನೊಂದವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ‘ಮರೆತುಬಿಡು, ಸಂತೋಷವಾಗಿರು’. ನಾಲ್ಕು ವರ್ಷಗಳ ಸಂಬಂಧ ಕಳೆದ ವರ್ಷ ಕಡಿದುಹೋದಾಗ ನಾನೂ ಇದನ್ನೇ ದಿನವೂ ಕೇಳಿದೆ. ಮರೆಯಲಾಗದ್ದು ನನ್ನದೇ ದೌರ್ಬಲ್ಯವೆಂದು ನಂಬಿ, ನೋವಿನ ಜೊತೆಗೆ ನಾಚಿಕೆಯನ್ನೂ ಹೊತ್ತು ತಿರುಗಿದೆ.

ಇದು ಮನೋಬಲದ ಕೊರತೆಯಲ್ಲ. ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿರಸ್ಕೃತರಾದರೂ ಇನ್ನೂ ಪ್ರೀತಿಸುತ್ತಿದ್ದ 15 ಮಂದಿಗೆ ತಮ್ಮನ್ನು ತೊರೆದ ಸಂಗಾತಿಯ ಭಾವಚಿತ್ರ ತೋರಿಸಿ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಕೊಕೇನ್ ಚಟದ ಹಂಬಲಕ್ಕೆ ಸಂಬಂಧಿಸಿದ ಭಾಗಗಳೂ ಚುರುಕುಗೊಂಡಿದ್ದವು. ಅಧ್ಯಯನ ಚಿಕ್ಕದು, ನಿಜ. ಆದರೂ ಮಧ್ಯರಾತ್ರಿ ಹಳೆಯ ಸಂದೇಶಗಳನ್ನು ಮತ್ತೆ ಮತ್ತೆ ತೆರೆಯುತ್ತಿದ್ದ ನನಗೆ, ಅದನ್ನು ಓದಿದ ದಿನ ನನ್ನ ಮೇಲಿನ ಸಿಟ್ಟು ತುಸು ಇಳಿಯಿತು.

ವಾರಗಟ್ಟಲೆ ಊಟ, ನಿದ್ರೆ ಬಿಟ್ಟವರನ್ನು, ಬದುಕೇ ಬೇಡವೆನ್ನುವವರನ್ನು ಮನೆಯವರು ಗದರದೆ ತಡಮಾಡದೆ ಆಪ್ತಸಮಾಲೋಚಕರ ಬಳಿಗೆ ಕರೆದೊಯ್ಯಲಿ. ಉಳಿದವರಿಗೆ ಬೇಕಾದದ್ದು ಉಪದೇಶವಲ್ಲ, ಅಳು ಬಂದಾಗ ಅಳಲು ಬಿಟ್ಟು ಪಕ್ಕದಲ್ಲಿ ಕೂರುವ ಒಬ್ಬರು. ನನ್ನ ಅಕ್ಕ ಹಾಗೆ ಎಷ್ಟೋ ಸಂಜೆ, ಒಂದು ಮಾತೂ ಆಡದೆ, ನನ್ನ ಪಕ್ಕದಲ್ಲಿ ಕುಳಿತಿದ್ದಳು.

ಇತಿ,
ತಮ್ಮ ಓದುಗ